ಎಡಕ್ಕೊಮ್ಮೆ, ಬಲಕ್ಕೊಮ್ಮೆ

ಬಂತು, ಹೋಯಿತು, ಬಂತು, ಹೋಯಿತು, ಒಂದೊಂದು ಬಾಟಲಿಯ ಹೊಟ್ಟೆಯಲ್ಲೂ ಟ್ಯೂಬ್‌ಲೈಟಿನ ಬಿಳಿ ಗೆರೆ ಒಂದೊಂದು, ಎಡಗಡೆಯ ಕಿಂಡಿಯಿಂದ ಹೊರಬಿದ್ದು ಬಲಗಡೆಯ ಕಿಂಡಿಗೆ ನುಗ್ಗುವವರೆಗೂ ಅವಳ ಕಣ್ಣು ಅದರ ಜೊತೆಗೇ ಹೋಗಿ, ಚಂಗನೆ ಹಿಂದಕ್ಕೆ ಹಾರಿ, ಇನ್ನೊಂದನ್ನು ಹಿಡಿದು ಮತ್ತೆ ಹೊರಟು — ಗುಳ್ಳೆ ಇದೆ, ತೆಗೆ, ಬಿರುಕು ಇದೆ, ತೆಗೆ — ಹನ್ನೊಂದು ವರ್ಷದಿಂದ ಈ ಬೆಲ್ಟಿನ ಮುಂದೆ ಇದೇ ಕೆಲಸ ಮಾಡಿಕೊಂಡು ಕೂತಿದ್ದಾಳಲ್ಲ, ಈ ಕಣ್ಣಿಗೆ ಇಂಥದ್ದೊಂದು ವಿದ್ಯೆ ಇದೆಯೆಂದು ಒಬ್ಬರಾದರೂ ಹೇಳಬಾರದಿತ್ತೇ, ಕೊನೆಗೆ ಹೇಳಿದ್ದು ವಾರಪತ್ರಿಕೆಯ ಆರೋಗ್ಯದ ಪುಟ, ಅದನ್ನು ಹರಿದು ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿನಲ್ಲಿಟ್ಟಿದ್ದಾಳೆ, ನೋಡದೆಯೂ ಓದಬಲ್ಲಳು, ತಲೆ ಅಲುಗಿಸಬೇಡಿ, ಕಣ್ಣು ಮಾತ್ರ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಮೂವತ್ತು ಸೆಕೆಂಡು, ಆಮೇಲೆ ನೆನಪಿಸಿಕೊಂಡರೆ ಕೆಲವರಿಗೆ ಹಳೆಯದು ಹೆಚ್ಚು ಸ್ಪಷ್ಟವಾಗಿ ನೆನಪಾಗುವುದುಂಟು, ಬಲಗೈ ಬಳಸುವವರಿಗೆ ಇನ್ನೂ ಚೆನ್ನಾಗಿ, ಮತ್ತೆ ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾಗದು ಅಂತ ಏನೋ ಇತ್ತು, ಇರಲಿ, ಸಣ್ಣ ಅಕ್ಷರವನ್ನೆಲ್ಲ ಯಾರು ಓದುತ್ತಾರೆ, ಅವಳಿಗಂತೂ ಆಗುತ್ತಿದೆ, ಸೋಮವಾರದಿಂದ ಆಗುತ್ತಿದೆ! ಬೆಳಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಡೆಗೆ ಒರಗಿ ಕಣ್ಣು ಆಡಿಸುತ್ತಿದ್ದಾಗ ರೇಡಿಯೋ ನೋಡಿಬಿಟ್ಟಳು, ಬಾಯಿ ಮುಚ್ಚದ ಆ ಗೆಳತಿಗೆ ಇಡೀ ಕಾರ್ಖಾನೆ ಇಟ್ಟ ಹೆಸರು ಅದು, ಏನೇ ಇದು, ಪೊಲೀಸರು ಬಂದ್ರಾ, ಏನು ಕದ್ದೆ ಹೇಳು, ಅರ್ಧ ನನಗೂ ಕೊಡು, ಅಂದಳು. ಕದ್ದದ್ದಲ್ಲ ಕಣೇ, ಕಳೆದದ್ದು ಹುಡುಕ್ತಾ ಇದೀನಿ, ಅಂತ ಅವಳು ನಕ್ಕಳು.

ಕಳೆದದ್ದು ಒಂದು ಸಂಜೆ. ಹನ್ನೊಂದು ವರ್ಷದ ಹಿಂದಿನದು. ಕಳೆದ ಭಾನುವಾರದ ತನಕ ಅದು ಕಳೆದಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ, ಭಾನುವಾರ ಫೋನು ಬಂತು, ಅಕ್ಕಾ, ನಾನು ಕಣೆ, ಅಂತ, ಆ ದನಿ ಕೇಳಿ ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು, ತಮ್ಮ, ಅವಳ ತಮ್ಮ, ಹತ್ತೊಂಬತ್ತಕ್ಕೇ ಮನೆ ಬಿಟ್ಟವನು, ಈಗ ಎಲ್ಲೋ ಫ್ರಿಜ್ಜು ರಿಪೇರಿ ಮಾಡಿಕೊಂಡಿರುವವನು, ನಂಗೆ ಮಗು ಆಗೋದಿದೆ ಕಣೆ ಅಂದ, ಅವಳು ಕಿರುಚಿಯೇಬಿಟ್ಟಳು ಸಂತೋಷಕ್ಕೆ, ಅವನು ಮಾತ್ರ ನಗಲಿಲ್ಲ. ಅಕ್ಕಾ, ನಂಗೆ ಒಂದೇ ಒಂದು ವಿಷಯ ಬೇಕು. ಅವತ್ತು ನಾನು ಒಲೆ ಆರಿಸಿದ್ನಾ, ಇಲ್ವಾ? ಆರಿಸಿದೆ ಅಂತ ಅಪ್ಪನ ಮುಂದೆ ಆಣೆ ಮಾಡಿದೆ, ಆಗ ಖಾತ್ರಿ ಇತ್ತು, ಈಗ ನಂಗೇ ಗೊತ್ತಿಲ್ಲ ಕಣೆ, ಮಲಗೋ ಮುಂಚೆ ಏಳು ಸಲ ಹೋಗಿ ಗ್ಯಾಸ್ ನೋಡಿ ಬರ್ತೀನಿ, ಹೆಂಡ್ತಿ ನಗ್ತಾಳೆ, ನಾಳೆ ಮಗು ಬಂದ್ರೆ ಆ ಮಗೂನ ನನ್ನ ಹತ್ರ ಹೇಗೆ ಬಿಟ್ಟು ಹೋಗ್ತಾಳೆ ಹೇಳು. ಅಲ್ಲಿದ್ದವಳು ನೀನೊಬ್ಬಳೇ. ಚೆನ್ನಾಗಿ ನೆನಪು ಮಾಡ್ಕೋ. ಗುರುವಾರ ನಾಲ್ಕಕ್ಕೆ ಗೇಟ್ ಹತ್ರ ಬರ್ತೀನಿ. ಗುರುವಾರ ಅಂದರೆ ಇವತ್ತು, ನಾಲ್ಕು ಅಂದರೆ ಇನ್ನು ಎರಡು ಗಂಟೆ ಹತ್ತು ನಿಮಿಷ, ಗುಳ್ಳೆ, ತೆಗೆ, ಏಳು ಸಲ ಎದ್ದು ಹೋಗುತ್ತಾನಂತೆ ಅವಳ ತಮ್ಮ, ಏಳು ಸಲ! ಮನೆಯ ಕೆಳಗೆ ಅಪ್ಪನ ಬೈಂಡಿಂಗ್ ಅಂಗಡಿ, ಗೋಡೆಯುದ್ದಕ್ಕೂ ಕಾಗದ, ಮೂಲೆಯಲ್ಲಿ ಎಲೆಕ್ಟ್ರಿಕ್ ಒಲೆ, ಒಲೆಯ ಮೇಲೆ ನೀರಿನ ಪಾತ್ರೆ, ಪಾತ್ರೆಯೊಳಗೆ ಅಂಟಿನ ಡಬ್ಬಿ, ಅವತ್ತು ಅಪ್ಪ ಪುಸ್ತಕ ತಲುಪಿಸಲು ಹೋಗಿದ್ದ, ಅಂಗಡಿ ಮುಚ್ಚಿದವನು ತಮ್ಮ, ಎಲ್ಲರೂ ಊಟಕ್ಕೆ ಕೂತಾಗ ಕೆಳಗಿನಿಂದ ಹೊಗೆ ಬಂತು, ಅಂಗಡಿಯೆಲ್ಲ ಸುಟ್ಟು ಬೂದಿಯಾಯಿತು. ಅಪ್ಪ ಅವಳನ್ನೇ ಕೇಳಿದ್ದು, ಇವನು ಒಲೆ ಆರಿಸಿದ್ದು ನೀನು ನೋಡಿದ್ಯಾ? ಇಲ್ಲಪ್ಪ, ಚೆಂಡು ತಗೊಂಡು ಓಡಿಹೋದ, ಹಿಂದೆ ತಿರುಗಿಯೂ ನೋಡ್ಲಿಲ್ಲ, ಅಂದಳು ಅವಳು. ಅಷ್ಟೇ, ಒಂದೇ ಮಾತು. ಮೂರನೇ ದಿನ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡ, ಅಪ್ಪ ಅವತ್ತಿನಿಂದ ಅವನ ಹೆಸರೆತ್ತಿಲ್ಲ, ತೀರ ಎತ್ತಲೇಬೇಕಾಗಿ ಬಂದರೆ ಆ ಪುಣ್ಯಾತ್ಮ ಅನ್ನುತ್ತಾನೆ.

ಆದರೆ ನೆನಪಾಗುತ್ತಿದೆ, ಕಂತುಕಂತಾಗಿ ಬರುತ್ತಿದೆ! ಸೋಮವಾರ ಬಂದದ್ದು ನೀಲಿ ಚೌಕಳಿಯ ಅಂಗಿ, ಮಂಗಳವಾರ ಅಂಟಿನ ವಾಸನೆ, ಮೂಗಿಗೇ ಹೊಡೆದ ಹಾಗೆ, ನಿನ್ನೆ ಬಂದದ್ದು ಅವತ್ತು ಅವಳು ಕೂತಿದ್ದ ಜಾಗ, ಮನೆಯಿಂದ ಅಂಗಡಿಗೆ ಇಳಿಯುವ ಮರದ ಮೆಟ್ಟಿಲು, ಕೆಳಗಿನಿಂದ ಮೂರನೆಯದು, ಸರಳಿನ ಸಂದಿಯಿಂದ ತಮ್ಮ ಕಾಣುತ್ತಿದ್ದಾನೆ, ಸಿಳ್ಳೆ ಹಾಕುತ್ತಿದ್ದಾನೆ, ಕತ್ತರಿಸಿದ ಕಾಗದದ ಚೂರು ಗುಡಿಸುತ್ತಿದ್ದಾನೆ, ಆಮೇಲೆ, ಆಮೇಲೇನು — ಬಂತು, ಹೋಯಿತು, ಬಂತು, ಹೋಯಿತು — ಪೊರಕೆ ಮೂಲೆಗಿಟ್ಟ, ಒಲೆಯ ಹತ್ತಿರ ಹೋದ, ಬಗ್ಗಿದ, ಕೈ ಚಾಚಿದ, ಟಕ್! ಟಕ್ ಅಂತು! ಗುಂಡಿ ತಿರುಗಿದ ಸದ್ದು, ಅವಳ ಕಿವಿಯಲ್ಲೇ ಆದ ಹಾಗೆ, ಅಯ್ಯೋ ಅವನು ಆರಿಸಿದ, ಆರಿಸಿದ್ದಷ್ಟೇ ಅಲ್ಲ, ಅಂಗೈಯನ್ನು ಪಾತ್ರೆಯ ಮೇಲೆ ಹಿಡಿದು ಕಾವು ಇಳಿಯುತ್ತಿದೆಯೇ ಎಂದು ನೋಡುತ್ತಿದ್ದಾನೆ, ಆಮೇಲಷ್ಟೇ ಚೆಂಡು ಎತ್ತಿಕೊಂಡದ್ದು, ಆಮೇಲಷ್ಟೇ ಓಡಿದ್ದು! ಬಾಟಲಿಯೊಂದು ಕೈತಪ್ಪಿ ಟ್ರೇಗೆ ಬಿದ್ದು ಚೂರಾಯಿತು, ಏನಮ್ಮ, ಜ್ಞಾನ ಎಲ್ಲಿದೆ, ಅಂತ ಆ ತುದಿಯಿಂದ ಸೂಪರ್‌ವೈಸರ್ ಗದರಿದರು, ಇಲ್ಲೇ ಇದೆ ಸಾರ್, ಇವತ್ತೇ ಇಲ್ಲಿಗೆ ಬಂತು, ಅಂದುಬಿಟ್ಟಳು, ಹಾಲು ಕುಡಿದಷ್ಟು ಸಂತೋಷ, ಎದ್ದು ಈ ಬೆಲ್ಟಿನ ಮೇಲೇ ಕುಣಿಯಬೇಕು ಅನ್ನಿಸುತ್ತಿದೆ, ಇನ್ನು ಒಂದು ಗಂಟೆ ನಲವತ್ತು ನಿಮಿಷ, ಗೇಟಿನಲ್ಲಿ ಅವನ ಭುಜ ಹಿಡಿದು ಅಲ್ಲಾಡಿಸಿ ಹೇಳುತ್ತಾಳೆ, ಆರಿಸಿದ್ದೆ ಕಣೋ, ನನ್ನ ಕಣ್ಣಾರೆ ನೋಡಿದೀನಿ, ಇವತ್ತಿಂದ ಮಲಗೋ ಹೋಗು, ಗ್ಯಾಸ್ ಪಾಡಿಗೆ ಗ್ಯಾಸ್ ಇರ್ಲಿ, ಆಮೇಲೆ ಅಪ್ಪನ ಹತ್ತಿರ, ಹೌದು, ಇವತ್ತೇ, ಕೈ ಹಿಡಿದು ಎಳೆದುಕೊಂಡು ಹೋಗುವುದೇ. ಮತ್ತೆ ಅಷ್ಟು ಖಾತ್ರಿಯಾಗಿ ನೋಡಿದವಳು ಅಪ್ಪನಿಗೆ ಇಲ್ಲ ಅಂದದ್ದು ಯಾಕೆ? ಗಾಬರಿ, ಇನ್ನೇನು, ಹೊಗೆ, ಕೂಗಾಟ, ಅಮ್ಮನ ಅಳು, ಅಂಥ ಹೊತ್ತಿನಲ್ಲಿ ಯಾರ ತಲೆ ನೆಟ್ಟಗಿರುತ್ತದೆ. ಮತ್ತೆ ಆ ಮೆಟ್ಟಿಲ ಮೇಲೆ ಏನು ಮಾಡುತ್ತಿದ್ದಳು? ಅವನನ್ನು ಊಟಕ್ಕೆ ಕರೆಯಲು ಬಂದಿರಬೇಕು. ಊಟದ ಹೊತ್ತು ಇನ್ನೂ ಆಗಿರಲಿಲ್ಲವಲ್ಲ. ಇರಲಿ ಬಿಡು. ಒಂದೇ ಒಂದು ಅರ್ಥವಾಗುತ್ತಿಲ್ಲ, ಆ ಮೆಟ್ಟಿಲು ನೆನಪಾದಾಗಲೆಲ್ಲ ಅವಳ ಎಡಗಾಲಿನ ಅಡಿ ತಣ್ಣಗಾಗುತ್ತದೆ, ಎಡಗಾಲು ಮಾತ್ರ, ಈಗಲೂ, ಈ ದಪ್ಪ ಬೂಟಿನ ಒಳಗೂ.

ಟೀ ಬಿಡುವು ಹತ್ತು ನಿಮಿಷ, ಕ್ಯಾಂಟೀನಿನ ಬೆಂಚಿನಲ್ಲಿ ರೇಡಿಯೋ ಆಗಲೇ ಶುರು ಮಾಡಿದ್ದಾಳೆ, ಲೇಬಲ್ ಸೆಕ್ಷನ್ನಿನಿಂದ ಹೊಸದಾಗಿ ಬಂದ ಹೆಂಗಸೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವಳು ಕೆಲಸಕ್ಕೆ ಸೇರಿದ ಕಥೆ ಕೇಳ್ಬೇಕು ನೀವು, ಹೇಳೇ, ಚಪ್ಪಲಿ ಕಥೆ ಹೇಳೇ, ಹೇಳಲು ಇವತ್ತಿನಷ್ಟು ಹುರುಪು ಯಾವತ್ತಿತ್ತು, ಗ್ಲಾಸು ಪಕ್ಕಕ್ಕಿಟ್ಟು ಎದ್ದು ನಿಂತು ಅಭಿನಯ ಮಾಡಿಯೇ ಹೇಳಿದಳು, ಇಂಟರ್‌ವ್ಯೂಗೆ ಕರೆದಿದ್ರು, ಇದ್ದದ್ದು ಒಂದೇ ಜೊತೆ, ಎಡಗಾಲಿನ ಅಟ್ಟೆ ಬಾಯಿ ಬಿಟ್ಕೊಂಡಿತ್ತು, ಹಿಂದಿನ ದಿನ ಅಪ್ಪನ ಬೈಂಡಿಂಗ್ ಅಂಟು ಬಳಿದು ಮೇಲೆ ಎರಡು ದಪ್ಪ ಪುಸ್ತಕ ಇಟ್ಟೆ, ಏನು ಹಿಡೀತು ಅಂತೀರಿ, ಇಲ್ಲಿಗೆ ಬಂದ್ರೆ ಇವರು ಇಂಟರ್‌ವ್ಯೂ ಮಾಡಿದ್ದು ಕುಲುಮೆ ಪಕ್ಕದ ಕೋಣೇಲಿ, ನೆಲ ಕಾದ ಕಾವಲಿ, ಅಂಟು ಕರಗಿ ನೆಲಕ್ಕೇ ಹಿಡ್ಕೊಂಡ್ತು, ಹೋಗಮ್ಮ, ನಿನ್ನ ಕೆಲಸ ಆಯ್ತು ಅಂತಾರೆ ಮ್ಯಾನೇಜರು, ನಾನು ನಿಂತೇ ಇದೀನಿ, ಕಾಲು ಬರ್ತಾನೇ ಇಲ್ಲ, ಅವರು ಏನಂದ್ರು ಗೊತ್ತಾ, ನೋಡ್ರೀ ಎಷ್ಟು ವಿನಯ ಈ ಹುಡುಗಿಗೆ! ಬೆಂಚು ಬೆಂಚೆಲ್ಲ ನಕ್ಕಿತು, ಹನ್ನೊಂದು ವರ್ಷ ನಕ್ಕಿದೆ, ರೇಡಿಯೋ ಕಣ್ಣೊರೆಸಿಕೊಂಡಳು, ಹೊಸಬಳೂ ನಕ್ಕಳು, ನಗುತ್ತಲೇ, ನಮ್ಮ ಸೆಕ್ಷನ್‌ನಲ್ಲೂ ಮೊದಲು ಆ ಅಂಟೇ ಇತ್ತು ಕಣ್ರೀ, ಅದು ತಣ್ಣಗಾದ್ರೆ ಕಲ್ಲು, ಕಾಲು ಗಂಟೆ ಕಾಯಿಸದೆ ಒಂದು ತೊಟ್ಟು ಬರಲ್ಲ, ನಿಮ್ಮಪ್ಪ ಕಾಯಿಸಿಕೊಟ್ರಾ, ಅಂತ ಕೇಳಿದಳು. ಇಲ್ಲ, ಅಪ್ಪ ಮನೇಲಿರ್ಲಿಲ್ಲ, ಅಂದಳು ಅವಳು, ಪುಸ್ತಕ ತಲುಪಿಸಲು ಹೋಗಿದ್ದ, ಅಂದಳು, ಗ್ಲಾಸು ಎತ್ತಿಕೊಂಡಳು, ಇಳಿಸಿದಳು. ಹಿಂದಿನ ದಿನ. ಇಂಟರ್‌ವ್ಯೂಗೆ ಅವಳು ಹೊರಟಾಗ ಮನೆಯೆಲ್ಲ ಹೊಗೆ ವಾಸನೆಯಿತ್ತು, ಇದೂ ಅವಳಿಗೆ ಚೆನ್ನಾಗಿ ಗೊತ್ತು, ಸೀರೆಗೆ ಹೊಗೆ ಹತ್ತಿತ್ತೆಂದು ಅಮ್ಮ ಅತ್ತಿದ್ದಳು, ಅಂಟಿನ ದಿನ ಗೊತ್ತು, ಬೆಂಕಿಯ ದಿನ ಗೊತ್ತು, ಎರಡನ್ನೂ ಒಂದು ಸಲವೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಗಂಟೆ ಹೊಡೆಯಿತು.

ಬೇಡ, ಈಗ ಬೇಡ, ಸಾಕು, ಸಿಕ್ಕಿದ್ದು ಸಾಕು, ತಮ್ಮ ಆರಿಸಿದ್ದ ಅಂತ ಗೊತ್ತಾಯಿತಲ್ಲ, ಅವನು ಕೇಳಿದ್ದೂ ಅಷ್ಟೇ ತಾನೇ, ಆದರೆ ಬೆಲ್ಟು ನಿಲ್ಲಬೇಕಲ್ಲ, ಬಂತು, ಹೋಯಿತು, ಬಂತು, ಹೋಯಿತು, ಕಣ್ಣು ಆಡದೆ ಈ ಕೆಲಸ ಆಗುವುದಿಲ್ಲ, ಮುಚ್ಚಿದರೆ ಬಿರುಕು ದಾಟಿಹೋಗುತ್ತದೆ, ತೆರೆದರೆ ಮೂವತ್ತು ಸೆಕೆಂಡು, ಇನ್ನೂ ಮೂವತ್ತು, ಇನ್ನೂ ಮೂವತ್ತು, ತಮ್ಮ ಓಡಿದ, ಬಾಗಿಲು ಹಾಕಿಕೊಂಡಿತು, ಅವನು ತಿರುಗಿ ಬರುವುದಿಲ್ಲವೆಂದು ಖಾತ್ರಿಯಾಗುವಷ್ಟರಲ್ಲಿ ಅಂಟು ಗಟ್ಟಿಯಾಗಿತ್ತು, ಮೆಟ್ಟಿಲ ಮೇಲಿದ್ದವಳು ಎದ್ದಳು. ಅವಳು ಕಾಯುತ್ತಿದ್ದದ್ದೇ ಅದಕ್ಕೆ. ಅಂಟು ಮುಟ್ಟಿದರೆ ಅಪ್ಪ ಕೈ ಮುರಿಯುತ್ತೇನೆ ಅನ್ನುತ್ತಿದ್ದ, ತಮ್ಮನಿಗೆ ಕಂಡರೆ ಊರಿಗೆಲ್ಲ ಕಂಡ ಹಾಗೆ, ಅದಕ್ಕೇ ಅವನು ಯಾವಾಗ ಹೋಗುತ್ತಾನೋ ಎಂದು ಮೈಯೆಲ್ಲ ಕಣ್ಣಾಗಿ ಕೂತಿದ್ದಳು, ಅದಕ್ಕೇ ಅಷ್ಟು ಚೆನ್ನಾಗಿ ನೋಡಿದ್ದಳು, ಬಲಗಾಲಿನಲ್ಲಿ ಚಪ್ಪಲಿ, ಎಡಗಾಲಿನದು ಕೈಯಲ್ಲಿ, ಸಿಮೆಂಟಿನ ನೆಲ ಅಂಗಾಲಿಗೆ ತಣ್ಣಗೆ ಹತ್ತಿತು, ಯಾವ ಕೈ, ಬಲಗೈ, ಬಲಗೈ ಬಳಸುವವರಿಗೆ ಇನ್ನೂ ಚೆನ್ನಾಗಿ, ಟಕ್. ಒಲೆಯ ಕರಿ ಸುರುಳಿಯ ಒಂದು ತುದಿ ಮೆಲ್ಲಗೆ ಕೆಂಪಾಯಿತು. ಅಂಟು ಕರಗಿತು, ಬಳಿದಳು, ಪುಸ್ತಕ ಹೇರಿದಳು, ಹಿಡಿಯಿತು, ಎಷ್ಟು ಖುಷಿಯಾಗಿತ್ತು ಅವಳಿಗೆ, ನಾಳೆ ಕೆಲಸ ಸಿಕ್ಕೇ ಸಿಗುತ್ತದೆ ಅನ್ನಿಸಿತ್ತು, ಮೇಲಿನಿಂದ ಅಮ್ಮ, ಬಾರೇ, ನೀರು ಹಿಡಿಯೋಕೆ ಯಾರೂ ಇಲ್ಲ, ಅಂತ ಕೂಗಿದಳು, ಬಂದೆ, ಅಂದಳು, ಚಪ್ಪಲಿ ಎದೆಗವಚಿಕೊಂಡು ಎರಡೆರಡು ಮೆಟ್ಟಿಲು ಹಾರಿ ಓಡಿದಳು, ಹಿಂದೆ ತಿರುಗಿಯೂ ನೋಡಲಿಲ್ಲ. ಹಿಂದೆ ತಿರುಗಿಯೂ ನೋಡ್ಲಿಲ್ಲ ಅಪ್ಪ, ಅಂದಿದ್ದಳಲ್ಲ, ಅದು ಸುಳ್ಳಲ್ಲ, ಯಾರು ಅಂತ ಮಾತ್ರ ಬದಲಾಗಿತ್ತು. ಏಯ್, ಬಿರುಕು ಹೋಯ್ತು, ಇನ್ನೊಂದೂ ಹೋಯ್ತು, ಏನಾಯ್ತೇ ನಿಂಗೆ, ರೇಡಿಯೋ ಎದುರಿನಿಂದ ಕೂಗುತ್ತಿದ್ದಾಳೆ, ಅಪ್ಪ ಬಂದವರಿಗೆಲ್ಲ ಹೇಳುತ್ತಾನೆ, ಸುಟ್ಟ ಮನೇನ ಎತ್ತಿ ನಿಲ್ಲಿಸಿದವಳು ನಮ್ಮ ಮಗಳು ಕಣ್ರೀ, ಕರಿ ಸುರುಳಿ, ಒಂದು ತುದಿಯಲ್ಲಿ ಕೆಂಪು, ಹನ್ನೊಂದು ವರ್ಷದ ಸಂಬಳ, ಏಳು ಸಲ ಏಳುತ್ತಾನಂತೆ, ಏಳು ಸಲ, ಕರಿ ಸುರುಳಿ, ಒಂದು ತುದಿಯಲ್ಲಿ ಕೆಂಪು.

ಸೈರನ್ನು ಕೂಗಿತು, ಏಪ್ರನ್ನು ಬಿಚ್ಚಿದ್ದು ಗೊತ್ತಿಲ್ಲ, ಅಂಗಳ ದಾಟಿದ್ದು ಗೊತ್ತಿಲ್ಲ, ಬರೀ ಅರ್ಧ ಹೇಳಿದರಾಯಿತು, ನೀನಲ್ಲ ಕಣೋ ಅಂದರೆ ಅವನಿಗೆ ಸಾಕು, ಪಾಪ, ಕುಣಿದಾಡುತ್ತಾನೆ, ಉಳಿದದ್ದು ಯಾರಿಗೆ ಬೇಕು, ಕರೆಂಟಿನ ತಂತಿಯಲ್ಲಿ ಏನೋ ಆಗಿರಬೇಕು ಅಂದರೆ ಅಪ್ಪನೂ ನಂಬುತ್ತಾನೆ, ಎಲ್ಲರೂ ಸುಖವಾಗಿರುತ್ತಾರೆ, ಅಗೋ ಅವನೇ, ಅಯ್ಯೋ ಎಷ್ಟು ದಪ್ಪಗಾಗಿದ್ದಾನೆ, ಅಪ್ಪನದೇ ಹಣೆ, ಅವಳು ಓಡಿದಳು, ಅವನೂ ಓಡಿದ, ಇಬ್ಬರಿಗೂ ತಬ್ಬಿಕೊಳ್ಳಲು ಬರದೆ ಕೈ ಕೈ ಹಿಡಿದುಕೊಂಡು ನಿಂತರು, ಸುತ್ತ ಶಿಫ್ಟು ಬಿಟ್ಟ ಜನ, ಸೈಕಲ್ಲಿನ ಗಂಟೆ, ಅವನು ಒಂದೇ ಉಸಿರಿಗೆ ಕೇಳಿದ, ಅಕ್ಕಾ, ನೆನಪಾಯ್ತಾ? ಆಯ್ತು ಕಣೋ. ನೀನು ಆರಿಸಿದ್ದೆ. ಟಕ್ ಅಂತ ಸದ್ದು ಕೇಳಿದೀನಿ, ಕೈ ಹಿಡಿದು ಕಾವು ನೋಡಿದ್ದೂ ನೋಡಿದೀನಿ. ಅವನು ಅಲ್ಲೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ, ಮುಖ ಮುಚ್ಚಿಕೊಂಡ, ಭುಜ ಕುಲುಕುತ್ತಿದೆ, ಅಳುತ್ತಿದ್ದಾನೋ ನಗುತ್ತಿದ್ದಾನೋ, ಎರಡೂ, ಎರಡೂ, ಆಗಲೇ ಅವನು ತಲೆಯೆತ್ತಿ, ಒದ್ದೆ ಮುಖದಲ್ಲೇ, ಮತ್ತೆ ಹೇಗಕ್ಕಾ, ಮತ್ತೆ ಬೆಂಕಿ ಹೇಗೆ ಹತ್ತಿತು, ಅಂದ. ಎಡಕ್ಕೆ ನೋಡಿದರೆ ಜನ, ಬಲಕ್ಕೆ ನೋಡಿದರೆ ರಸ್ತೆ, ಅವಳು ಎಲ್ಲೂ ನೋಡಲಿಲ್ಲ. ನಾನು, ಅಂದಳು. ದನಿ ಹೊರಟಿತೋ ಇಲ್ಲವೋ ಎಂದು ಇನ್ನೊಮ್ಮೆ, ನಾನು ಕಣೋ, ಅಂದಳು. ಅವನ ತುಟಿ ಅಲುಗುತ್ತಿದೆ, ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಅವನ ಮುಖವೇ ಕಾಣುತ್ತಿಲ್ಲ, ಎಡಗಾಲು ತಣ್ಣಗಿದೆ, ಕರಿ ಸುರುಳಿ, ಒಂದು ತುದಿಯಲ್ಲಿ ಕೆಂಪು, ಕರಿ ಸುರುಳಿ, ಕೆಂಪು