ಮಾರಮ್ಮ ಚಕ್ರ ತಿರುಗಿಸದ ದಿನ

ಚೈತ್ರಾಳನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚಿಡುವುದೇನು ಬಂತು? ಚನ್ನಪಟ್ಟಣದ ನಮ್ಮ ಪುಟ್ಟ ಕಾರ್ಖಾನೆಗೆ ಅವಳು ಸೇರಿ ಎರಡು ತಿಂಗಳೂ ಆಗಿಲ್ಲ, ನಾನು ಆರು ವರ್ಷದಿಂದ ಸವೆದವನು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವಾಗ ಎಳೆ ತುಂಡಾದ ಕೂಡಲೇ ಚಕ್ರ ನಿಲ್ಲಿಸುವ ಪೆಟ್ಟಿಗೆ ಮಾಡುತ್ತೇವೆ. ಅದರೊಳಗಿನ ಕಂಪ್ಯೂಟರಿಗೆ ಡ್ರೈವರ್, ಅಂದರೆ ಸೆನ್ಸಾರಿನ ಮಾತು ತಿಳಿಸುವ ಪ್ರೋಗ್ರಾಮ್, ಬರೆದವನು ನಾನು.

ನಮ್ಮ ಮೇಜಿನ ಮೇಲೆ ಪೆಟ್ಟಿಗೆ ಚೆನ್ನಾಗಿಯೇ ಓಡುತ್ತಿತ್ತು. ಮೊದಲ ಪೆಟ್ಟಿಗೆ ಕೂರಿಸಿದ ಬೈರಾಪಟ್ಟಣದ ಶೆಡ್ಡಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಕೆಟ್ಟು ಕೂರುತ್ತಿತ್ತು. ಮೂರು ವಾರ ವೈರು, ಸೆನ್ಸಾರು, ಕರೆಂಟು ಎಲ್ಲವನ್ನೂ ಬೈದೆ. ಚೈತ್ರಾ ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ನಿಂತು ನೋಡಿದಳು. ನೂಲು ಬಿಚ್ಚುವ ಮಾರಮ್ಮ ಸ್ವಿಚ್ ಹಾಕಿ, ಗಂಧದಕಡ್ಡಿ ಹಚ್ಚಿ, ಚಕ್ರವನ್ನು ಒಂದು ಸುತ್ತು ತಿರುಗಿಸಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಕಂಪ್ಯೂಟರ್ ಆಗಿನ್ನೂ ನಿದ್ದೆಯಿಂದ ಏಳುತ್ತಿತ್ತು. ಚಕ್ರ ಅಲುಗಿದ್ದಕ್ಕೆ ಸೆನ್ಸಾರ್ ಇಂಟರಪ್ಟ್, ಅಂದರೆ ಕೆಲಸ ಬಿಟ್ಟು ಇತ್ತ ನೋಡೆಂಬ ಕರೆ, ಕಳಿಸುತ್ತಿತ್ತು. ನನ್ನ ಡ್ರೈವರ್ ತಾನು ಸಿದ್ಧವಾಗುವ ಮೊದಲೇ ಅದಕ್ಕೆ ಬಾಗಿಲು ತೆರೆದಿಟ್ಟು, ಬಂದದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಕುಸಿಯುತ್ತಿತ್ತು. ಅನ್ನ ಬೇಯುವ ಮೊದಲೇ ನೆಂಟರನ್ನು ಎಲೆಯ ಮುಂದೆ ಕೂರಿಸಿದ ಹಾಗೆ.

"ಪೆಟ್ಗೇಲಿ ಹಸಿರು ದೀಪ ಬರೋಗಂಟ ಚಕ್ರ ಮುಟ್ಬೇಡಿ ಅಕ್ಕಾ," ಎಂದು ಮಾರಮ್ಮನನ್ನು ಗದರಿದೆ.

"ಅನ್ನ ಕೊಡೋದು ಕಣಪ್ಪ. ಕೈ ಮುಗೀದೆ ಎಂಗೆ ಕೂರ್ಲಿ?"

ಚೈತ್ರಾ ಗದರಲಿಲ್ಲ. ನನ್ನ ಕೋಡಿನ ಸಾಲುಗಳನ್ನೇ ಹಿಂದುಮುಂದು ಮಾಡಿದಳು. ಮೊದಲು ಜಾಗ ಸಿದ್ಧಮಾಡಿಕೊಳ್ಳುವುದು, ಆಮೇಲೆ ಬಾಕಿ ನಿಂತ ಹಳೆಯ ಇಂಟರಪ್ಟ್ ಅಳಿಸುವುದು, ಬಾಗಿಲು ತೆರೆಯುವುದು ಕೊನೆಗೆ. ಐದೇ ಸಾಲು!

"ಶೆಡ್ಡಲ್ಲಿ ನನ್ನೆದುರ್ಗೆ ಪರೀಕ್ಷೆ ಪಾಸಾದ್ರೆ ಕೈಲಾಂಚದ ಶೆಡ್ಗಳ ಇಪ್ಪತ್ ಪೆಟ್ಗೆ ಕೆಲ್ಸ ಚೈತ್ರಂದೇ. ನೀನು ಅವ್ಳ ಕೈಕೆಳಗೆ ಕಣ್ಲಾ ಮುನೇಶ," ಎಂದರು ಯಜಮಾನ ಕೃಷ್ಣಪ್ಪ.

ಮೈಯೆಲ್ಲ ಉರಿದುಹೋಯಿತು. ಪರೀಕ್ಷೆಯ ಹಿಂದಿನ ಸಂಜೆ, ಯಾರೂ ಇಲ್ಲದಾಗ, ಪೆಟ್ಟಿಗೆಗೆ ನನ್ನ ಹಳೆಯ ಡ್ರೈವರನ್ನೇ ತುಂಬಿಬಿಟ್ಟೆ. ಎಲ್ಲರೆದುರು ಕೆಡಲಿ, ಆಗ ಅವಳ ಮುಖ ನೋಡಬೇಕು ಅನ್ನಿಸಿತ್ತು.

ಮರುದಿನ ಕೃಷ್ಣಪ್ಪನವರ ಎದುರು ಮಾರಮ್ಮ ಸ್ವಿಚ್ ಹಾಕಿದರು. ಗಂಧದಕಡ್ಡಿ ಹಚ್ಚಿದರು. ಚಕ್ರ ಮಾತ್ರ ಮುಟ್ಟಲಿಲ್ಲ. ಹಸಿರು ದೀಪ ಬಂತು, ಯಂತ್ರ ಓಡಿತು. ಕೃಷ್ಣಪ್ಪನವರಿಗೆ ಹಿಗ್ಗೋ ಹಿಗ್ಗು.

"ಇದ್ರಲ್ಲಿರೋದ್ನೇ ಇಪ್ಪತ್ತಕ್ಕೂ ತುಂಬ್ಬುಡವ್ವ ಚೈತ್ರ."

ನಾನು ಮಾರಮ್ಮನ ಬಳಿ ಹೋಗಿ ಮೆಲ್ಲಗೆ ಕೇಳಿದೆ, "ಇವತ್ಯಾಕೆ ತಿರುಗಿಸ್ಲಿಲ್ಲ?"

"ನಿನ್ ಪೆಟ್ಗೆ ಅಲ್ವೇನಪ್ಪ? ಮೂರ್ ವಾರ ಒದ್ದಾಡ್ಬುಟ್ಟೆ. ಯಜಮಾನ್ರ ಮುಂದೆ ನಿನ್ ಮರ್ಯಾದೆ ಹೋಗ್ಬಾರ್ದು ಅಂತ ಇವತ್ತೊಂದಿನ ಕೈ ಕಟ್ಕಂಡ್ ಕೂತೆ."

ನಾಚಿಕೆಯಾಗಿ ಸ್ವಿಚ್ಚಿನತ್ತ ಕೈ ತೋರಿಸಿದೆ.

"ಸ್ವಿಚ್ ಆರ್ಸಿ ಮತ್ತೆ ಹಾಕಿ ಅಕ್ಕಾ. ದಿನಾ ಮಾಡೋ ಹಂಗೇ ಮಾಡಿ."

ಚಕ್ರ ಒಂದು ಸುತ್ತು ತಿರುಗಿತು. ಪೆಟ್ಟಿಗೆ ಕೆಟ್ಟು ಕೂತಿತು. ಚೈತ್ರಾಳ ಮುಖ ಬಿಳಿಚಿತು. ನಾನು ನೋಡಬೇಕೆಂದಿದ್ದ ಮುಖ ಅದೇ, ಆದರೆ ನೋಡಲಾಗಲಿಲ್ಲ.

"ಅವ್ಳ ಕೋಡ್ ತೆಗೆದು ನಂದು ತುಂಬ್ದೋನು ನಾನು," ಎಂದೆ.

ಕೃಷ್ಣಪ್ಪ ಬಾಯಿ ತೆರೆಯುವಷ್ಟರಲ್ಲಿ ಚೈತ್ರಾ ಲ್ಯಾಪ್‌ಟಾಪ್ ತೆರೆದು ತನ್ನ ಕೋಡನ್ನು ತುಂಬಿದಳು. ಮಾರಮ್ಮ ಮತ್ತೆ ಸ್ವಿಚ್ ಹಾಕಿ, ಚಕ್ರ ತಿರುಗಿಸಿ, ಕೈ ಕಣ್ಣಿಗೊತ್ತಿಕೊಂಡರು. ಹಸಿರು ದೀಪ ಬಂತು. ಚೈತ್ರಾಳಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ನಾಚಿಕೆಯ ನಡುವೆಯೂ ಅದಕ್ಕೆ ನನ್ನ ಹೊಟ್ಟೆ ಉರಿಯಿತು.

ಕೈಲಾಂಚದ ಕೆಲಸದಲ್ಲಿ ಈಗ ನಾನು ಅವಳ ಕೈಕೆಳಗಿದ್ದೇನೆ. ಅದನ್ನು ಹೇಗೋ ತಡೆದುಕೊಂಡೇನು, ತಡೆಯಲಾಗದ್ದು ಬೇರೆ. "ನಿನ್ ಪೆಟ್ಗೆ" ಎನ್ನುವುದನ್ನು ಮಾರಮ್ಮ ಆವತ್ತಿಗೇ ಬಿಟ್ಟರು.