ಪೂಜೆಗೆ ಕೂತ ಹಾಯಿಕಂಬ

ಸುಳ್ಳು ಹೇಳುವುದಕ್ಕೂ ಗಟ್ಟಿ ಗುಂಡಿಗೆ ಬೇಕು. ಅಮರೇಶಪ್ಪನಿಗೆ ಅದಿಲ್ಲ. ಆಯುಧ ಪೂಜೆಯ ಬೆಳಿಗ್ಗೆ ಮಗಳಿಗೆ ಒಂದೇ ಒಂದು ಸುಳ್ಳು ಹೇಳಿದ್ದಕ್ಕೆ ಮಧ್ಯಾಹ್ನದವರೆಗೂ ಕಾಲು ಸುಟ್ಟ ಬೆಕ್ಕಿನಂತೆ ಮನೆತುಂಬ ತಿರುಗುತ್ತಿದ್ದ. ಅಂಗಳಕ್ಕೆ ಹೋಗುತ್ತಾನೆ, ಗೇಟು ತೆಗೆದು ರಸ್ತೆ ನೋಡುತ್ತಾನೆ, ಒಳಗೆ ಬಂದು ನೀರು ಕುಡಿಯುತ್ತಾನೆ, ಮತ್ತೆ ಗೇಟು. ಹಬ್ಬದ ಹೋಳಿಗೆ ತಟ್ಟೆಯಲ್ಲಿ ಹಾಗೆಯೇ ಆರಿ ಕೂತಿತ್ತು.

ಆ ಸುಳ್ಳಿನ ಮೂಲ ಒಂದು ಅಲ್ಯೂಮಿನಿಯಂ ಕೊಳವೆ. ಮಗಳು ಐಶ್ವರ್ಯಾ ಹುಸೇನ್ ಸಾಗರ ಕೆರೆಯಲ್ಲಿ ಹಾಯಿದೋಣಿ ನಡೆಸುವವಳು. ಲಿಂಗಸುಗೂರಿನ ಕಡೆಯ, ಬಾವಿ ಕಂಡರೆ ಹಿಂದೆ ಸರಿದು ನಿಲ್ಲುವ ಮನೆತನದಲ್ಲಿ ಇವಳೊಬ್ಬಳಿಗೆ ನೀರಿನ ಹುಚ್ಚು ಎಲ್ಲಿಂದ ಅಂಟಿತೋ ಆ ಬಸವಣ್ಣನೇ ಬಲ್ಲ. ಪೂಜೆಯ ಹಿಂದಿನ ಸಂಜೆ ಅಭ್ಯಾಸದ ಹೊತ್ತಿನಲ್ಲಿ ಗಾಳಿ ರಭಸವಾಗಿ ಬಂದು ದೋಣಿಯ ಕಂಬ ಬಿರುಕು ಬಿಟ್ಟಿತು. ಎರಡು ಕೊಳವೆಗಳನ್ನು ಒಂದರೊಳಗೊಂದು ಕೂರಿಸಿದರೆ ಒಂದು ಕಂಬ. ಬಿರುಕು ಬಿಟ್ಟದ್ದು ಮೇಲಿನದು, ಸರಿಯಾಗಿ ಕೂಡುವ ಜಾಗದಲ್ಲೇ. ಪೂಜೆಯ ಮಾರನೆಯ ಬೆಳಿಗ್ಗೆ, ಅಂದರೆ ದಸರೆಯ ದಿನವೇ, ರಾಜ್ಯ ತಂಡದ ಆಯ್ಕೆ. ವಯಸ್ಸಿನ ನಿಯಮದ ಪ್ರಕಾರ ಅವಳಿಗೆ ಇದೇ ಕೊನೆಯ ಅವಕಾಶ. ಅವಳ ದೋಣಿ ಕ್ಲಬ್ಬಿನಲ್ಲಿ ಉಳಿದ ಕಂಬಗಳೆಲ್ಲ ಬೇರೆಯವರ ಪಾಲಾಗಿದ್ದವು.

ಐಶ್ವರ್ಯಾಳಿಗೆ ಅದರ ಚಿಂತೆ ಹೆಚ್ಚೇನೂ ಇರಲಿಲ್ಲ. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಲೋಹದ ತಗಡು, ಕೊಳವೆಗಳ ಕೆಲಸದಲ್ಲೇ ತಲೆ ನರೆಸಿಕೊಂಡವನು. ನಿವೃತ್ತನಾದ ಮೇಲೂ ಉಪ್ಪಲ್‌ನ ಮನೆಯ ಹಿಂದೆ ಒಂದು ತಗಡಿನ ಶೆಡ್ಡು ಹಾಕಿಕೊಂಡು ಓಣಿಯವರ ಗೇಟು, ಗ್ರಿಲ್ಲು ನೋಡಿಕೊಳ್ಳುತ್ತಿದ್ದ. ಫೋನಿನಲ್ಲಿ ಅವನೇ ಧೈರ್ಯ ಹೇಳಿದ್ದ. "ಒಳಗೊಂದು ತುಂಡು ಪೈಪ್ ಕೂಡಿಸಿ ರಿವೆಟ್ ಹೊಡದ್ರ ಮುಗೀತು. ತಗೊಂಡು ಬಾ."

ಬೆಳಿಗ್ಗೆ ಅವಳು ಕ್ಲಬ್ಬಿನಿಂದ ಆ ಉದ್ದದ ಕೊಳವೆಯನ್ನು ಆಟೋದ ಮಗ್ಗುಲಿಗೆ ಕಟ್ಟಿಕೊಂಡು ಬಂದಾಗ ಅವನು ಬಿರುಕಿನ ಮೇಲೆ ಬೆರಳಾಡಿಸಿ ನೋಡಿದ. ಅಲ್ಲಿಗೆ ಅವನ ಧೈರ್ಯ ಕೈಕೊಟ್ಟಿತು. ಹಿಂದಿನ ತಿಂಗಳು ಕೆರೆಯ ದಂಡೆಯಲ್ಲಿ ಕೂತು ಅವಳ ಸ್ಪರ್ಧೆ ನೋಡಿದ್ದು ಕಣ್ಣಿಗೆ ಕಟ್ಟಿತು. ದೋಣಿ ಇದ್ದಕ್ಕಿದ್ದಂತೆ ಮಗುಚಿ ಬಿಳಿಯ ಹೊಟ್ಟೆ ಮೇಲೆ ಮಾಡಿತ್ತು. ಮಗಳ ತಲೆ ಎಲ್ಲೂ ಕಾಣಲಿಲ್ಲ. ಆಮೇಲೆ ಅವಳು ಆ ಬದಿಯಿಂದ ಎದ್ದು ದೋಣಿಯನ್ನು ನೆಟ್ಟಗೆ ಮಾಡಿ ಏನೂ ಆಗಿಲ್ಲವೆಂಬಂತೆ ಮುಂದೆ ಹೋದಳು. ಅಮರೇಶಪ್ಪ ಮಾತ್ರ ಅಂದಿನಿಂದ ಮುಂದೆ ಹೋಗಿರಲಿಲ್ಲ. ಅವನ ಮನಸ್ಸು ಅಲ್ಲೇ, ಆ ದಂಡೆಯ ಮೇಲೇ ನಿಂತುಬಿಟ್ಟಿತ್ತು.

ಐಶ್ವರ್ಯಾ ಸ್ನಾನಕ್ಕೆ ಹೋದಳು. ಹೆಂಡತಿ ಶರಣಬಸಮ್ಮ ನಡುಮನೆಯಲ್ಲಿ ಬನಶಂಕರಿಯ ಪಟದ ಮುಂದೆ ಶೆಡ್ಡಿನ ಸಾಮಾನುಗಳನ್ನು ಸಾಲಾಗಿ ಇಡುತ್ತಿದ್ದಳು. ಡ್ರಿಲ್ಲು, ರಿವೆಟ್ ಹೊಡೆಯುವ ಗನ್ನು, ಅರಗಳು, ಸುತ್ತಿಗೆ, ಕೊನೆಗೆ ಅಡುಗೆಮನೆಯ ಈಳಿಗೆ. ಅವರ ಮನೆಯಲ್ಲಿ ಒಮ್ಮೆ ಪೂಜೆಗೆ ಕೂತ ಸಾಮಾನನ್ನು ಮರುದಿನ ಸಂಜೆ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ಈಳಿಗೆ ಸಹ ದೇವರಾಗುವುದರಿಂದ ಪಲ್ಯದ ಕಾಯಿ ಹಿಂದಿನ ದಿನವೇ ಹೆಚ್ಚಿಡಬೇಕು. ಐಶ್ವರ್ಯಾಳ ಕೆಲಸ ಮುಗಿಯಲಿ ಎಂದು ಶರಣಬಸಮ್ಮ ಇನ್ನೂ ಕುಂಕುಮ ಹಚ್ಚಿರಲಿಲ್ಲ.

"ಹಚ್ಚಿಬಿಡು," ಎಂದ ಅಮರೇಶಪ್ಪ. ಆಮೇಲೆ ಹೊರಗಿದ್ದ ಕೊಳವೆಯನ್ನು ತಾನೇ ತಂದು ಸಾಮಾನುಗಳ ಪಕ್ಕಕ್ಕೆ ಮಲಗಿಸಿದ. "ಇದಕ್ಕೂ ಹಚ್ಚು."

"ಅಕಿಂದು ರಿಪೇರಿ?"

"ನಾ ಅಕಿಗೆ ಹೇಳ್ತೀನಿ. ನೀ ಹಚ್ಚು."

ಅವಳು ಗಂಡನ ಮುಖ ನೋಡಿದಳು, ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಚೆಂಡುಹೂವಿನ ಮಾಲೆಯನ್ನು ಕೊಳವೆಯ ಮೇಲೂ ಎಳೆದು ಹಾಕಿದಳು. ತಲೆ ಒರೆಸಿಕೊಳ್ಳುತ್ತ ಬಂದ ಮಗಳು ಬೆಚ್ಚಿ ನಿಂತಾಗ ಅಮರೇಶಪ್ಪ ಆ ಸುಳ್ಳು ಹೇಳಿದ್ದು. "ನಿಮ್ಮವ್ವ ಗೊತ್ತಿಲ್ದಂಗ ಪೂಜಾಕ್ಕ ಇಟ್ಟುಬಿಟ್ಟಾಳ, ಐಶು. ಇನ್ನ ನಾಳಿ ಸಂಜೀತನಕ ಎತ್ತಾಕ ಬರಂಗಿಲ್ಲ."

ಐಶ್ವರ್ಯಾ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೂ ಹಗುರವಾಗುತ್ತಿತ್ತು. ತಾಯಿಯ ಕಡೆ ಒಮ್ಮೆ ನೋಡಿ, "ಏನವ್ವಾ ನೀನು," ಎಂದಷ್ಟೇ ಹೇಳಿ, ಬೇರೆ ಕಡೆ ಕೇಳಿ ಬರುತ್ತೇನೆಂದು ಮನೆಯ ಸ್ಕೂಟಿ ಹತ್ತಿ ಹೋದಳು. ಮಾಡದ ತಪ್ಪನ್ನು ಮೈಮೇಲೆ ಹಾಕಿಸಿಕೊಂಡ ಶರಣಬಸಮ್ಮ ಉದುಬತ್ತಿ ಹಚ್ಚುತ್ತ ಹೇಳಿದಳು, "ನನ್ನ ಹೆಸರು ಕೆಡಸಿದ್ರಿ, ಹೋಗಲಿ. ದೇವಿ ಹೆಸರು ಯಾಕ ನಡುವ ತಂದ್ರಿ?"

ಅಮರೇಶಪ್ಪ ಗೇಟಿನ ಕಡೆ ನಡೆದ. ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಎಲ್ಲರ ಸಾಮಾನೂ ಪೂಜೆಗೆ ಕೂತಿರುತ್ತದೆ, ಹುಡುಗಿ ಸುತ್ತಾಡಿ ಸೋತು ಬರುತ್ತಾಳೆ, ಎರಡು ದಿನ ಅಳುತ್ತಾಳೆ, ಜೀವಂತ ಇರುತ್ತಾಳೆ. ಇಷ್ಟೇ ಅವನ ಉಪಾಯ. ಆದರೆ ಮನಸ್ಸು ಒಪ್ಪಬೇಕಲ್ಲ. ಬಿರುಕು ಬಿಟ್ಟ ಕೆಲಸ ಕಣ್ಣೆದುರು ಮಲಗಿದೆ, ಅದಕ್ಕೆ ಹೊಂದುವ ತುಂಡು ಶೆಡ್ಡಿನ ಮೂಲೆಯಲ್ಲಿದೆ ಎಂಬುದೂ ಗೊತ್ತಿದೆ, ಕೈ ಕಟ್ಟಿ ಕೂತಿರುವುದು ಅವನ ಜನ್ಮದಲ್ಲೇ ಇಲ್ಲ. ಅವನು ಸಾಮಾನುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ, ಎದ್ದ, ಮತ್ತೆ ಕೂತ. ಬೆಂಕಿಯ ಮೇಲೆ ಕೂತರೂ ಇದಕ್ಕಿಂತ ನೆಮ್ಮದಿ ಇರುತ್ತಿತ್ತೇನೋ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಐಶ್ವರ್ಯಾ ಬಂದಳು. ಹಿಂದೆಯೇ ಒಂದು ಆಟೋ ಬಂದು ಗೇಟಿನ ಮುಂದೆ ನಿಂತಿತು.

"ಕಾಚಿಗೂಡದಾಗ ಒಬ್ರು ವೆಲ್ಡಿಂಗ್ ಚಾಚಾ ಅಂಗಡಿ ತಗದಾರ," ಎಂದಳು. "ಬೆಸುಗಿ ಹಾಕಿ ಕೊಡ್ತಾರ. ನಾನ ಎತ್ತಕೊಂಡು ಹೊಂಟೀನಿ. ಪಾಪ ಬಂದ್ರ ನಂಗ ಬರಲಿ."

ಈ ಲೆಕ್ಕ ಅಮರೇಶಪ್ಪ ಹಾಕಿರಲಿಲ್ಲ. ಈ ಬಗೆಯ ಅಲ್ಯೂಮಿನಿಯಂ ಕಂಬಕ್ಕೆ ಬೆಸುಗೆ ಹಾಕಿದರೆ ಬಿರುಕು ಮುಚ್ಚುತ್ತದೆ, ಆದರೆ ಬೆಂಕಿ ತಾಗಿದ ಆಜುಬಾಜು ಮೆತ್ತಗಾಗುತ್ತದೆ. ನೋಡಲು ಚೆಂದ. ಜೋರು ಗಾಳಿಗೆ ಅಲ್ಲೇ ಮುರಿದು ಕೆಳಗೆ ಕೂತವರ ತಲೆಯ ಮೇಲೆ ಬೀಳುತ್ತದೆ. ಮಗಳು ದಂಡೆಯ ಮೇಲೆ ಉಳಿಯಲಿ ಎಂದು ಮಾಡಿದ ಉಪಾಯ ಅವಳನ್ನು ಮುರುಕು ಕಂಬ ಕೊಟ್ಟು ನೀರಿಗಿಳಿಸುತ್ತಿತ್ತು.

"ಬೆಸುಗಿ ನಿಲ್ಲಂಗಿಲ್ಲ, ಐಶು."

"ನಂಗೂ ಗೊತ್ತೈತಿ. ಚಾಚಾನೂ ಹೇಳಿದ್ರು, ಭರೋಸಾ ನಕ್ಕೊ ರಖೋ ಬೇಟಾ, ನಂಬಕೊಂಡು ಕೂಡಬ್ಯಾಡ ಅಂತ. ಬ್ಯಾರೆ ದಾರಿ ಏನೈತಿ ಹೇಳ್ರಿ?"

ಅವಳು ಬಗ್ಗಿ ಮಾಲೆ ಸರಿಸಿ ಕೊಳವೆಗೆ ಕೈ ಹಾಕಿದಳು. ಅಮರೇಶಪ್ಪ ಅದರ ಇನ್ನೊಂದು ತುದಿ ಹಿಡಿದುಕೊಂಡ. ಅಪ್ಪ ಮಗಳು ದೇವಿಯ ಮುಂದೆ ಒಂದು ಕೊಳವೆ ಹಿಡಿದು ಎಳೆದಾಡುವುದನ್ನು ಶರಣಬಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅಮರೇಶಪ್ಪ ಅವಳತ್ತ ಒಮ್ಮೆ ನೋಡಿ ಎಳೆಯುವುದನ್ನು ನಿಲ್ಲಿಸಿದ.

"ನಿಮ್ಮವ್ವ ಇಡಲಿಲ್ಲ," ಎಂದ. "ನಾನ ಇಡಸಿದೆ. ಬೇಕಂತ."

ಐಶ್ವರ್ಯಾಳ ಕೈ ನಿಂತಿತು. "ಮುಂಜಾನಿಂದ ಬಿಸಲಾಗ ಊರೆಲ್ಲಾ ತಿರುಗಿ ಬಂದೀನಿ ನಾನು. ಅವ್ವಗ ಮನಸಿನಾಗ ಎಷ್ಟು ಬೈದೆ ಗೊತ್ತೇನು? ಯಾಕ ಹಿಂಗ ಮಾಡಿದ್ರಿ, ಅಪ್ಪಾಜಿ?"

"ನಂಗ ಈಸಾಕ ಬರಂಗಿಲ್ಲ," ಎಂದ. "ಅವತ್ತು ದೋಣಿ ಮಗಚಿದಾಗ ನೀ ಕಾಣಲೇ ಇಲ್ಲ. ನೀ ಮುಳುಗಿದ್ರೂ ನಾ ದಂಡಿ ಮ್ಯಾಲೆ ನಿಂತು ನೋಡೂದಷ್ಟ. ನನ್ನ ಕೈಲೆ ಆ ಕಂಬ ಗಟ್ಟಿ ಮಾಡಿ, ಹೋಗು ಅಂತ ನಿನ್ನ ನೀರಿಗೆ ಹ್ಯಾಂಗ ಕಳಸಲಿ?"

ಅವಳು ಕೊಳವೆ ಬಿಟ್ಟು ನೆಲದ ಮೇಲೆ ಅವನೆದುರು ಕೂತಳು. ಹೊರಗೆ ಆಟೋದವನು ಹಾರ್ನ್ ಹೊಡೆದ. ಅವಳು ಅತ್ತ ತಿರುಗಲಿಲ್ಲ. ಅವಳಿಗೆ ಸಿಟ್ಟು ಇಳಿದಿರಲಿಲ್ಲ, ಅಳುವೂ ಬಂದಿತ್ತು, ಎರಡನ್ನೂ ನುಂಗಿಕೊಂಡು ಮೆಲ್ಲಗೆ ಮಾತಾಡಿದಳು.

"ಬ್ಯಾಡ ಅನ್ರಿ. ದೇವಿ ಹೆಸರು ಬ್ಯಾಡ, ಅವ್ವನ ಹೆಸರು ಬ್ಯಾಡ. ನನ್ನ ಮಾರಿ ನೋಡಿ ಒಮ್ಮೆ ನೀವ ಬ್ಯಾಡ ಅಂದುಬಿಡ್ರಿ. ನಾ ಹೋಗಂಗಿಲ್ಲ. ಆಟೋ ತಿರುಗಿ ಕಳಸ್ತೀನಿ."

ಅವಳು ಹೇಳಿದ್ದು ನಿಜವೆಂದು ಅಮರೇಶಪ್ಪನಿಗೆ ಗೊತ್ತಿತ್ತು, ತಾನು ಬೇಡ ಅಂದರೆ ಬಿಟ್ಟೇಬಿಡುತ್ತಾಳೆ. ಬೆಳಗಿನಿಂದ ಅವನಿಗೆ ಬೇಕಾಗಿದ್ದೂ ಅದೇ ಒಂದು ಮಾತು. ಈಗ ಅದು ಕೈಗೆ ಸಿಕ್ಕಿತ್ತು. ಅವನು ಬಾಯಿ ತೆರೆದ. ಬಿಸಿಲಿಗೆ ಸುಟ್ಟು ಕಪ್ಪಾದ ಮಗಳ ಮುಖ, ಹಗ್ಗ ಎಳೆದು ದಡ್ಡುಗಟ್ಟಿದ ಅವಳ ಅಂಗೈ ಎದುರಿಗಿದ್ದವು. ಅವಳು ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

ಅಮರೇಶಪ್ಪ ಕೈಚಾಚಿ, ಕುಂಕುಮ ಹಚ್ಚಿದ ಡ್ರಿಲ್ಲನ್ನು ದೇವಿಯ ಮುಂದಿನಿಂದ ಎತ್ತಿಕೊಂಡ. ಶರಣಬಸಮ್ಮ ಬಂದು ದೀಪವನ್ನು ಒಂದು ಬದಿಗೆ ಸರಿಸಿ ಅವರಿಗೆ ಜಾಗ ಮಾಡಿಕೊಟ್ಟಳು.

"ಆ ತುದಿ ಬಿಗಿಯಾಗಿ ಹಿಡಿ," ಎಂದ ಮಗಳಿಗೆ. "ಒಂದ ರಿವೆಟ್ಟೂ ಸಡ್ಲ ಉಳೀಬಾರದು."