ಸಲೋಮಿ ಮನೆಗೆ ಬಂದಳು

ಏಲಿಯಮ್ಮ ಕನ್ನಡಕ ತೆಗೆದು ಉಟ್ಟ ಮುಂಡಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಆ ಕೊನೆಯ ಪ್ಯಾರಾವನ್ನು ಇನ್ನೊಮ್ಮೆ ಓದಿದಳು. ಒರೆಸಿದ್ದರಿಂದ ಏನೂ ಬದಲಾಗಲಿಲ್ಲ. ವಾಚನಾಲಯದ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ, ಅವಳದೇ ಹೆಸರಿನ ಕೆಳಗೆ, ಅವಳ ಸಲೋಮಿ ಮೀನಚ್ಚಿಲ್ ಹೊಳೆಯಲ್ಲಿ ಮುಳುಗಿ ಸತ್ತಿದ್ದಳು. ದೋಣಿ ಮಗುಚಿತಂತೆ. ಕಪ್ಪು ನೀರು ಅವಳನ್ನು ನುಂಗಿತಂತೆ. ತಾಯಿ ದಡದಲ್ಲಿ ಬಿದ್ದು ಹೊರಳಾಡಿದಳಂತೆ.

ಏಲಿಯಮ್ಮ ಬರೆದುಕೊಟ್ಟದ್ದು ಹೀಗಿರಲಿಲ್ಲ. ಅವಳ ಕಥೆಯಲ್ಲಿ ಸಲೋಮಿ ಕೊನೆಯ ಬಸ್ಸಿನಿಂದಿಳಿದು, ಹೊಳೆ ದಾಟಿ, ಕೊಡೆಯ ನೀರು ಕೊಡವುತ್ತ ಮನೆಯ ಮೆಟ್ಟಿಲು ಹತ್ತಿ ಬಂದು, ಊಟಕ್ಕೇನಿದೆ ಎಂದು ಅಮ್ಮನನ್ನು ಕೇಳುತ್ತಿದ್ದಳು. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಅಂಗಳದಲ್ಲಿ ಜಾಯಿಪತ್ರೆ ಒಣಹಾಕುತ್ತಿದ್ದ ಸೊಸೆ ಜಾನ್ಸಿ ಅತ್ತೆಯ ಮುಖ ನೋಡಿ, ಅಚ್ಚಿನ ತಪ್ಪೇನಾದರೂ ಉಳಿದಿದೆಯೇ ಎಂದು ವಿಚಾರಿಸಿದಳು.

"ತಪ್ಪಲ್ಲ ಕಣೇ, ಕೊಲೆ," ಎಂದು ಏಲಿಯಮ್ಮ ಸಂಚಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು.

ಅವಳು ಬರೆಯಲು ಕೂತದ್ದು ಗಂಡ ಪೈಲೋ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಬರೆದದ್ದೆಂದರೆ ಮಕ್ಕಳಿಗೆ ಕಾಗದ, ಅಂಗಡಿಗೆ ಚೀಟಿ. ಸಂಜೆಯ ಜಪಸರ ಮುಗಿಸಿ, ಯೇಸುವಿನ ಪಟದ ಮುಂದಿನ ಸಣ್ಣ ದೀಪ ಉರಿಯುತ್ತಿರುವಾಗಲೇ, ಊಟದ ಮೇಜಿನ ಮೂಲೆಯಲ್ಲಿ ಹಾಳೆ ಹರವಿಕೊಳ್ಳುತ್ತಿದ್ದಳು. ಈ ವಯಸ್ಸಲ್ಲಿ ಅಮ್ಮಚ್ಚಿಗೆ ಇದೇನು ಹುಚ್ಚು ಎಂದು ಮಗ ನಕ್ಕಿದ್ದ. ಪೈಲೋ ಬದುಕಿದ್ದಾಗ ಕಳೆದುಕೊಂಡ ಮೊದಲ ಮಗುವಿನ ಮಾತನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ. ಎತ್ತಿದರೆ ಅವನು ಊಟ ಬಿಟ್ಟು ಎದ್ದು ಹೋಗುತ್ತಿದ್ದ.

ಅವಳ ಮೊದಲ ಹೆರಿಗೆ ಕರ್ಕಾಟಕ ತಿಂಗಳ ಮಳೆಯಲ್ಲಿ ಆಗಿತ್ತು. ಹೆಣ್ಣು ಮಗು. ಬೆಳಿಗ್ಗೆ ಹುಟ್ಟಿ ಸಂಜೆಯವರೆಗೆ ಉಸಿರಾಡಿತು. ಹೊಳೆ ತುಂಬಿ ದೋಣಿ ನಿಂತಿದ್ದರಿಂದ ಪಾದ್ರಿಯನ್ನು ಕರೆಯಲಾಗಲಿಲ್ಲ. ಆಪತ್ತಿನಲ್ಲಿ ಮನೆಯವರೇ ತಲೆಗೆ ನೀರು ಹುಯ್ದು ದೀಕ್ಷಾಸ್ನಾನ ಕೊಡಬಹುದೆಂದು ಏಲಿಯಮ್ಮನಿಗೆ ತಿಳಿದಿತ್ತು, ಬೇಡಿಕೊಂಡೂ ಇದ್ದಳು. ಅತ್ತೆ ಮರಿಯಂ, ಮಗುವಿಗೆ ಏನೂ ಆಗಿಲ್ಲ, ಅಪಶಕುನ ನುಡಿಯಬೇಡ ಎಂದು ಗದರಿಸಿದ್ದಳು. ಮಾರನೆಯ ದಿನ ನೀರಿಳಿದಾಗ ಆಗಿನ ವೃದ್ಧ ಪಾದ್ರಿ, ದೀಕ್ಷಾಸ್ನಾನವಾಗದ, ಹೆಸರಿಲ್ಲದ್ದಕ್ಕೆ ಸಾವಿನ ಗಂಟೆ ಹೇಗೆ ಹೊಡೆಯಲಿ ಎಂದರು. ಪೈಲೋ ಅದನ್ನು ಹಳೆಯ ಮುಂಡಿನಲ್ಲಿ ಸುತ್ತಿಕೊಂಡು ಹೋಗಿ ಸಮಾಧಿ ಭೂಮಿಯ ಗೋಡೆಯಾಚೆ ಹೂತು ಬಂದ. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು ಸಲ್ಲಬೇಕು. ಅದೂ ಅದಕ್ಕೆ ದಕ್ಕಲಿಲ್ಲ. ಮರಿಯಂ ಎಂಬ ಹೆಸರು ಆಮೇಲೆ ಹುಟ್ಟಿದವಳಿಗೆ ಹೋಯಿತು.

ಆದ್ದರಿಂದಲೇ ಕಥೆ ಬರೆಯುವಾಗ ಏಲಿಯಮ್ಮ ಎರಡೂ ಮನೆತನಗಳಲ್ಲಿ ಇಲ್ಲದ ಹೆಸರನ್ನು ಹುಡುಕಿಕೊಂಡಳು. ಯಾರೂ ಬಂದು ವಾಪಸು ಕೇಳಬಾರದು. ಸಲೋಮಿಗೆ ದಡಾರ ಬಂದು ಹೋಯಿತು, ಸಲೋಮಿ ಕಪ್ಪೆಚಿಪ್ಪು ಆರಿಸಲು ಹೋಗಿ ಪೆಟ್ಟು ತಿಂದಳು, ಲಂಗದ ಬಣ್ಣಕ್ಕಾಗಿ ಅಮ್ಮನೊಡನೆ ಮಾತು ಬಿಟ್ಟಳು, ದೊಡ್ಡವಳಾಗಿ ಕೊಟ್ಟಾಯಂನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಒಂದೊಂದು ವರ್ಷವನ್ನೂ ಏಲಿಯಮ್ಮ ಆತುರಪಡದೆ ಬರೆದಿದ್ದಳು.

ವಾಚನಾಲಯದಲ್ಲಿ ನಾಲ್ಕು ಜನ ಕೇರಂ ಆಡುತ್ತಿದ್ದರು. ಕಾರ್ಯದರ್ಶಿ ಸುಗತನ್ ಮಾಷ್ ಅವಳನ್ನು ಕಂಡು ಕುರ್ಚಿ ಬಿಟ್ಟೆದ್ದ. ಅವನು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಅವನ ಎರಡು ಕಥೆಗಳು ವಾರಪತ್ರಿಕೆಗಳಲ್ಲಿ ಬಂದಿದ್ದವು. ಊರೆಲ್ಲ ನಿಮ್ಮ ಕಥೆಯದೇ ಮಾತು, ಹೆಂಗಸರು ಅತ್ತಿದ್ದೇ ಅತ್ತಿದ್ದು ಎಂದು ಅಭಿನಂದಿಸಿದ.

"ನನ್ನ ಹುಡುಗೀನ ಯಾಕೆ ಸಾಯಿಸಿದ್ರಿ, ಮಾಷೇ?"

ಅವನು ನಕ್ಕ. ಕಾಗುಣಿತ ತಿದ್ದಿದ್ದೇನೆ, ಹಾಗೆಯೇ ಕೊನೆಯನ್ನೂ ಸ್ವಲ್ಪ ಬಿಗಿ ಮಾಡಿದ್ದೇನೆ, ಸಂಪಾದಕರು ಮಾಡುವ ಕೆಲಸವೇ ಅದು ಎಂದ. ಕೇಳಿ ಮಾಡಬಹುದಿತ್ತಲ್ಲ ಎಂದಳು. ಅಚ್ಚಿನವರು ಅವಸರ ಮಾಡಿದರು ಎಂದ.

"ಚೇಡತ್ತಿ," ಎಂದು ಅಕ್ಕನನ್ನು ಕರೆಯುವಂತೆ ಕರೆದ. "ನೀವು ಹೊಸಬರು, ಅದಕ್ಕೇ ಹೇಳ್ತೀನಿ. ಬಸ್ಸಿಂದ ಇಳಿದ್ಲು, ಮನೆಗೆ ಬಂದ್ಲು, ಊಟ ಕೇಳಿದ್ಲು. ಇದರಲ್ಲಿ ಕಥೆ ಎಲ್ಲಿದೆ? ದಿನಾ ಎಲ್ಲರೂ ಮನೆಗೆ ಬರ್ತಾರೆ."

"ಎಲ್ಲರೂ ಬರಲ್ಲ ಮಾಷೇ."

ಕೇರಂ ಆಡುವವರು ತಿರುಗಿ ನೋಡಿದರು. ಮಾಷ್ ದನಿ ತಗ್ಗಿಸಿ, ಅವಳು ಕಾಗದದ ಹುಡುಗಿ, ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು, ಇನ್ನೊಂದು ಬರೆಯಿರಿ, ಅದರಲ್ಲಿ ಬದುಕಿಸೋಣ ಎಂದು ಸಮಾಧಾನ ಹೇಳಿದ. ಆ ಸಮಾಧಾನ ಅವಳನ್ನು ಇನ್ನಷ್ಟು ಸುಟ್ಟಿತು.

"ನಿಮಗೆ ಒಂದು ಸಾವು ಬೇಕಿತ್ತು. ನಿಮ್ಮ ಕಥೆಯಲ್ಲಿ ನಿಮ್ಮೋರನ್ನ ಸಾಯಿಸಿಕೊಳ್ಳಬೇಕಿತ್ತು. ನನ್ನ ಮನೇಲಿ ಯಾಕೆ ಕೈ ಹಾಕಿದ್ರಿ?"

ಹಿಂದಿರುಗುವಾಗ ಸೇತುವೆಯ ಬಳಿ ನೆರೆಮನೆಯ ತ್ರೇಸ್ಯಾ ಅಡ್ಡ ಬಂದಳು. ಕಣ್ಣು ಊದಿಕೊಂಡಿತ್ತು. ಮೀನು ಸುಡುತ್ತಲೇ ಓದಿದಳಂತೆ, ಮೀನು ಸೀದು ಹೋಯಿತಂತೆ. ಕೊನೆಗೆ ಸ್ವಲ್ಪ ಸಂಕೋಚದಿಂದ, ಬರುವ ಶನಿವಾರ ಸಲೋಮಿಯ ಆತ್ಮಶಾಂತಿಗೆ ಇಗರ್ಜಿಯಲ್ಲಿ ಬಲಿಪೂಜೆ ಆಗಲೆಂದು ಹೆಸರು ಬರೆಸಿ ಬಂದಿದ್ದೇನೆ ಎಂದಳು.

"ಕಥೆ ಅಂತ ಗೊತ್ತು ಚೇಡತ್ತಿ. ನಾನೇನು ದಡ್ಡಿಯಲ್ಲ. ಆದ್ರೂ ನೀರಲ್ಲಿ ಹೋದ ಹುಡುಗಿ, ಕೊನೇ ಕ್ಷಣದಲ್ಲಿ ಪಾದ್ರೀನೂ ಇಲ್ಲ. ಅವಳಿಗೆ ಅಂತ ಪೂಜೆ ಯಾರು ಹೇಳಿಸ್ತಾರೆ? ರಾತ್ರಿ ನಿದ್ದೆ ಬರಲಿಲ್ಲ."

ಏಲಿಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಷ್ ಕೊಂದ, ಇವಳು ಹೂಳಲು ಹೊರಟಿದ್ದಾಳೆ. ಮನೆಯ ದಾರಿ ಬಿಟ್ಟು ನೇರವಾಗಿ ಇಗರ್ಜಿಯ ಮೆಟ್ಟಿಲು ಹತ್ತಿದಳು.

ಹೊಸ ಪಾದ್ರಿ ಇಮ್ಮಾನುವೆಲ್ ಅಚ್ಚನ್ ಬಂದು ಇನ್ನೂ ವರ್ಷವಾಗಿರಲಿಲ್ಲ. ಮೃದು ಮಾತಿನ ಯುವಕ. ಅವಳನ್ನು ಕೂರಿಸಿ, ಬಂದ ಕಾರಣವನ್ನು ಪೂರ್ತಿ ಕೇಳಿದ. ಶನಿವಾರದ ಪೂಜೆ ನಿಲ್ಲಿಸಬೇಕು, ಆ ಹುಡುಗಿ ಸತ್ತಿಲ್ಲ, ಅವಳನ್ನು ಸಾಯಿಸಿದ್ದು ಕಾರ್ಯದರ್ಶಿ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ತ್ರೇಸ್ಯಾ ಹೆಸರು ಮಾತ್ರ ಹೇಳಿ ಹೋಗಿದ್ದಳು, ಕಥೆಯ ಸಂಗತಿ ತನಗೆ ತಿಳಿದಿರಲಿಲ್ಲ ಎಂದು ಅವನು ಹಣೆ ತಟ್ಟಿಕೊಂಡ. ಪೂಜೆಯ ಹೆಸರುಗಳ ಪುಸ್ತಕ ತೆರೆದು, ಮೇಜಿನ ಮೇಲಿದ್ದ ಪೆನ್ನೆತ್ತಿಕೊಂಡ.

"ಈಗಲೇ ಹೆಸರು ಹೊಡೆದು ಹಾಕ್ತೀನಿ ಚೇಡತ್ತಿ. ಹುಟ್ಟೇ ಇಲ್ಲದವಳಿಗೆ ಪೂಜೆ ಹೇಗೆ ಮಾಡೋದು?"

ಏಲಿಯಮ್ಮ ಸರಿ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಕಿಟಕಿಯತ್ತ ಹೋಯಿತು. ಕಿಟಕಿಯಾಚೆ ಸಮಾಧಿಗಳ ಬಿಳಿ ಶಿಲುಬೆಗಳು, ಅದರಾಚೆ ಗೋಡೆ, ಗೋಡೆಯಾಚೆ ಬರೀ ಹುಲ್ಲು ಕಾಣುತ್ತಿತ್ತು.

"ಹುಟ್ಟಿದ್ಲು ಅಚ್ಚಾ," ಎಂದಳು. "ಸಂಜೆವರೆಗೂ ಇದ್ಲು. ನೀರು ಹುಯ್ಯಿರಿ ಅಂತ ನಾನು ಕೂಗಿಕೊಂಡೆ, ಯಾರೂ ಹುಯ್ಯಲಿಲ್ಲ. ತಪ್ಪು ಯಾರದು? ಅವಳದಾ? ಅವಳನ್ನ ಯಾಕೆ ಗೋಡೆಯಾಚೆ ಹಾಕಿದ್ರಿ?"

ತಾನು ಗಟ್ಟಿಯಾಗಿ ಮಾತಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು. ಇಗರ್ಜಿಯಲ್ಲಿ ಅವಳು ಯಾವತ್ತೂ ದನಿ ಎತ್ತಿದವಳಲ್ಲ. ಆದರೂ ತಗ್ಗಿಸಲಿಲ್ಲ. ಅಚ್ಚನ್ ಆ ಕಾಲದಲ್ಲಿ ತಾನಿನ್ನೂ ಹುಟ್ಟಿರಲಿಲ್ಲ ಎಂದು ಹೇಳಬಹುದಾಗಿತ್ತು. ಅದರ ಬದಲು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದ.

"ಮನೆ ಹೆಸರು ಏನು ಬರೀಲಿ, ಚೇಡತ್ತಿ?"

"ಪುಳಿಕ್ಕಲ್. ಪುಳಿಕ್ಕಲ್ ಪೈಲೋ ಮಗಳು ಅಂತ ಬರೀರಿ."

ಶನಿವಾರ ಬೆಳಿಗ್ಗೆ ಪೂಜೆಗೆ ಹೆಚ್ಚು ಜನರಿರಲಿಲ್ಲ. ಜಾನ್ಸಿ ಏನೂ ಕೇಳದೆ ಅತ್ತೆಯ ಜೊತೆಗೆ ಬಂದಿದ್ದಳು. ಮುಂದಿನ ಸಾಲಿನಲ್ಲಿ ತ್ರೇಸ್ಯಾ ಮೂಗು ಸೀಟುತ್ತಿದ್ದಳು. ಪೀಠದಿಂದ ಅಚ್ಚನ್ ಸತ್ತವರ ಹೆಸರುಗಳನ್ನು ಓದಿದ. ನಡುವೆ, ಉಳಿದವನ್ನು ಓದಿದ ದನಿಯಲ್ಲಿಯೇ, ಪುಳಿಕ್ಕಲ್ ಪೈಲೋ ಮಗಳು ಸಲೋಮಿ ಎಂದ. ಜನ ಎಲ್ಲರಿಗೂ ಹೇಳುವಂತೆ ಅವಳಿಗೂ ಪ್ರಾರ್ಥನೆಯ ಉತ್ತರ ಹೇಳಿದರು. ಏಲಿಯಮ್ಮ ಮೊಣಕಾಲೂರಿದವಳು, ಪೂಜೆ ಮುಗಿದು ಮೇಣದ ಬತ್ತಿಗಳನ್ನು ಆರಿಸುವವರೆಗೂ ಏಳಲಿಲ್ಲ.

ಆಮೇಲೆ ಸೊಸೆಯನ್ನು ಮನೆಗೆ ಕಳಿಸಿ, ತಾನು ವಾಚನಾಲಯಕ್ಕೆ ಹೋದಳು. ಹಂಚದೆ ಉಳಿದ ಸಂಚಿಕೆಗಳನ್ನೆಲ್ಲ ಕೊಡುವಂತೆ ಕೇಳಿದಳು. ಪೂಜೆಯ ಸುದ್ದಿ ಸುಗತನ್ ಮಾಷನ ಕಿವಿಗೂ ಬಿದ್ದಿತ್ತು. ಕಟ್ಟು ಬಿಚ್ಚಿ ತಂದಿಟ್ಟು, ತಲೆ ಕೆರೆದುಕೊಂಡ.

"ಪೂಜೆನೂ ಆಗಿಹೋಯ್ತಂತೆ. ಇನ್ನು ತಿದ್ದಿ ಏನು ಮಾಡ್ತೀರಿ, ಚೇಡತ್ತಿ?"

"ಪೂಜೆ ಬೇರೆ. ಕಥೆ ಬೇರೆ. ಆ ಮೇಜು ಖಾಲಿ ಮಾಡಿಸಿ."

ಕೇರಂ ಆಡುವವರು ಗೊಣಗಿಕೊಂಡು ಎದ್ದರು. ಏಲಿಯಮ್ಮ ಮಣೆಯನ್ನು ಗೋಡೆಗೆ ಒರಗಿಸಿ, ಕನ್ನಡಕ ಸರಿಮಾಡಿಕೊಂಡು ಕೂತಳು. ಕೊನೆಯ ಪ್ಯಾರಾದ ಮೇಲೆ ಅಡ್ಡಗೆರೆ ಎಳೆದು, ಅಂಚಿನ ಖಾಲಿ ಜಾಗದಲ್ಲಿ ಸಣ್ಣ ಅಕ್ಷರಗಳಲ್ಲಿ, ಸಲೋಮಿ ಮನೆಗೆ ಬರುವ ತನ್ನ ಮಾತುಗಳನ್ನು ಬರೆದಳು. ಒಂದು ಸಂಚಿಕೆಯಾದ ಮೇಲೆ ಇನ್ನೊಂದು. ಮಾಷ್ ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ಬಾಗಿಲ ಬಳಿ ಹೋಗಿ ಕೂತ. ಶಾಯಿ ಹಸಿಯಾಗಿತ್ತು. ಬರೆದ ಸಂಚಿಕೆಗಳನ್ನು ಮುಚ್ಚದೆ ಮೇಜಿನ ಮೇಲೆ, ಬೆಂಚಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಹರವಿ, ಹೊಳೆಯ ಕಡೆಯ ಗಾಳಿಗೆ ಹಾಳೆ ಮಗುಚದಂತೆ ಒಂದೊಂದರ ಮೇಲೂ ಒಂದೊಂದು ಕೇರಂ ಕಾಯಿ ಇಟ್ಟಳು.